ಹೊಸ ಹೀರೋನ ಪರವಾಗಿ ನಾನೊಬ್ಬಳೇ

ಒಂದು ಸಿನಿಮಾ ಓಡಲಿ ಅಂತ ನಾನು ದೇವರ ಹತ್ತಿರ ಕೇಳಿಕೊಂಡದ್ದು ಇಷ್ಟು ವರ್ಷದಲ್ಲಿ ಒಂದೇ ಸಲ. ಅದೂ ಎಂಥ ಸಿನಿಮಾ ಅಂದರೆ ಕಾಮಿಕ್ಸ್ ಪುಸ್ತಕದಿಂದ ಎದ್ದು ಬಂದ ಇಂಗ್ಲಿಷ್ ಹೊಡೆದಾಟದ ಸಿನಿಮಾ. ನೀಲಿ ಮುಸುಕು ಹಾಕಿಕೊಂಡು ಸರಪಳಿ ಬೀಸುವವನೊಬ್ಬ ಅದರ ಹೀರೋ. ಅವನ ಮೇಲೆ ಹದಿನಾರು ಹದಿನೇಳು ವರ್ಷದ ಹಿಂದೆ ಒಂದು ಸಿನಿಮಾ ಬಂದಿತ್ತು. ಈಗ ಅದೇ ಕಥೆಯನ್ನು ಹೊಸ ನಟನನ್ನು ಹಾಕಿಕೊಂಡು ಮೊದಲಿನಿಂದ ಮತ್ತೆ ತೆಗೆದಿದ್ದರು. ಹಾಗೆ ತೆಗೆದರೆ ರೀಬೂಟ್ ಅನ್ನುತ್ತಾರಂತೆ. ಅದು ಬಿಡುಗಡೆಯಾದ ದಿನ ಬೆಳಿಗ್ಗೆ ಕೇದಾರೇಶ್ವರನ ಮುಂದೆ ನಿಂತು, ಈ ಹೊಸ ಹುಡುಗ ಗೆಲ್ಲಲಿ ಸ್ವಾಮಿ ಅಂದೆ. ನನ್ನ ಪಕ್ಕದಲ್ಲಿದ್ದ ಹೆಂಗಸು ಮಗಳ ಮದುವೆಗಾಗಿ ಬೇಡಿಕೊಳ್ಳುತ್ತಿದ್ದರು. ನನಗೇನೂ ನಾಚಿಕೆ ಆಗಲಿಲ್ಲ.

ಯಾಕೆಂದರೆ ನಾನು ಎರಡನೆಯ ಹೆಂಡತಿ. ಹೊಸಬರು ಯಾರೇ ಇರಲಿ, ಯಾವ ಊರಿನವರೇ ಇರಲಿ, ನಾನು ಅವರ ಪಕ್ಷ.

ನನ್ನ ಯಜಮಾನರು ಮೈಸೂರಿನವರು, ಇಲ್ಲಿ ಕಾಶಿಯ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಡಾಕ್ಟರು. ನಾನು ಧಾರವಾಡದವಳು, ಹೈಸ್ಕೂಲಿನಲ್ಲಿ ಕನ್ನಡ ಟೀಚರ್ ಆಗಿದ್ದೆ. ಮೂವತ್ತಾರು ದಾಟಿದ ಮೇಲೆ ಮದುವೆಯಾಗಿ ಶಿವಾಲ ಅನ್ನುವ ಕೇರಿಯ ಈ ಮನೆಗೆ ಬಂದೆ. ಆಗ ಮಗಳಿಗೆ ಹತ್ತು ವರ್ಷ. ಅವಳ ತಾಯಿ ಹೋಗಿ ಎರಡು ವರ್ಷವಾಗಿತ್ತು. ನಮ್ಮ ಕಡೆ ಸತ್ತ ಮೊದಲನೆಯವಳನ್ನು ಅಕ್ಕ ಅನ್ನಬೇಕು. ಅಂದೆ. ಬಾಯಲ್ಲಿ ಅಕ್ಕ, ಹೊಟ್ಟೆಯಲ್ಲಿ ಬೆಂಕಿ. ಈ ಮನೆಯನ್ನು ಆರಿಸಿದ್ದು ಅಕ್ಕ, ಏಕೆಂದರೆ ಹತ್ತು ಹೆಜ್ಜೆ ನಡೆದರೆ ದಕ್ಷಿಣದವರ ಮಾತು ಕಿವಿಗೆ ಬೀಳುತ್ತದಂತೆ. ಒಗ್ಗರಣೆ ಡಬ್ಬಿ ಅಕ್ಕನದು. ಸೋನಾರ್‌ಪುರದ ತರಕಾರಿಯವನು ಕೂಡ ನನ್ನ ಮುಖ ನೋಡಿ, 'ಪುರಾನೀ ಭಾಭೀಜೀ', ಅಂದರೆ ಹಳೆಯ ಅಮ್ಮಾವ್ರು, ಸೊಪ್ಪನ್ನು ಮೂಸಿ ನೋಡಿ ಕೊಳ್ಳುತ್ತಿದ್ದರು ಅಂತ ನೆನಪಿಸಿಕೊಂಡ. ಆವತ್ತು ಅವನ ಹತ್ತಿರ ಸೊಪ್ಪು ಕೊಳ್ಳದೆ ಬಂದೆ.

ಇದನ್ನೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಆ ಹಳೆಯ ಸಿನಿಮಾ.

ಅದರ ಕಥೆ ಹೀಗೆ. ಮಗಳು ನಾಲ್ಕೈದು ವರ್ಷದವಳಿದ್ದಾಗ ಶಾಲೆಗೆ ಸೇರಿದ್ದೇ ತಡ, ಹಿಂದಿ ಹಿಡಿದುಬಿಟ್ಟಳು. ಮನೆಯಲ್ಲಿ ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ. ಅದೇ ಹೊತ್ತಿಗೆ ಯಜಮಾನರು ಈ ಸಿನಿಮಾದ ಡಿವಿಡಿ ತಂದರು, ಹಿಂದಿ ಡಬ್ಬಿಂಗಿನದು. ಮಗು ಅದರ ಡಬ್ಬಿಯ ಮೇಲಿನ ಚಿತ್ರಕ್ಕೇ ಮರುಳಾಯಿತು. ಅಕ್ಕ ಒಂದು ಷರತ್ತು ಹಾಕಿದಳಂತೆ: ನೋಡುವುದಾದರೆ ಕನ್ನಡದಲ್ಲೇ ನೋಡಬೇಕು. ಕನ್ನಡದಲ್ಲಿ ಅದು ಎಲ್ಲಿಂದ ಬರಬೇಕು? ಟಿವಿಯ ಸೌಂಡ್ ಪೂರ್ತಿ ತೆಗೆದು, ರಿಮೋಟನ್ನು ಮಡಿಲಲ್ಲಿಟ್ಟುಕೊಂಡು, ಎಲ್ಲರ ಮಾತನ್ನೂ ತಾನೇ ಹೇಳಿದಳು. ಹೀರೋ, ಖಳ, ಪೊಲೀಸು, ಮುದುಕಿ, ನಾಯಿ ಸಮೇತ. ಒಂದು ಸಲ ಅಲ್ಲ, ಮೂರು ವರ್ಷ, ಹೆಚ್ಚುಕಮ್ಮಿ ಪ್ರತಿ ಭಾನುವಾರ. ಆ ಮನೆಯಲ್ಲಿ ಆ ಸಿನಿಮಾದ ನಿಜವಾದ ದನಿಯನ್ನು ಯಾರೂ ಕೇಳಿರಲೇ ಇಲ್ಲ. ಟಿವಿಯಲ್ಲಿ ಎಲ್ಲಾದರೂ ಬಂದರೆ ಮಗಳು ಚಾನೆಲ್ ಬದಲಿಸುತ್ತಿದ್ದಳು.

ಅಕ್ಕ ಹೋದ ಮೇಲೆ ಅಪ್ಪ ಮಗಳು ಅವಳ ಮಾತುಗಳನ್ನೇ ಹೇಳಿಕೊಂಡು ಅದನ್ನು ಮುಂದುವರಿಸಿದ್ದರು. ನಾನು ಬಂದ ಮೊದಲ ಭಾನುವಾರವೇ ಇಬ್ಬರೂ ಟಿವಿ ಮುಂದೆ ಕೂತರು. ನಾನು ಅಡುಗೆಮನೆಯಲ್ಲಿದ್ದೆ. ಖಳನಾಯಕ ಊರನ್ನೇ ಸುಡುತ್ತೇನೆ ಅನ್ನುತ್ತಾನೆ, ಹೀರೋ ಹೇಳುತ್ತಾನೆ, "ಸುಡೋದೇ ಆದ್ರೆ ಮೊದಲು ನಮ್ಮನೆ ಹಿಂದಿನ ಕಸ ಸುಡು ಮಾರಾಯ, ಕಸದವನು ನಾಲ್ಕು ದಿನದಿಂದ ಬಂದಿಲ್ಲ." ಗೋಪುರದಿಂದ ಬಿದ್ದು ಎದ್ದವನು ಹೇಳುತ್ತಾನೆ, "ಬಿದ್ದೆ ಅಂತ ಖುಷಿಪಡಬೇಡ, ಚಪ್ಪಲಿ ಹುಡುಕ್ತಿದ್ದೆ." ಹೀರೋಯಿನ್ ಅಳುತ್ತಾ ಬಂದರೆ, "ಊಟ ಮಾಡಿ ಅಳು, ಅಳೋಕ್ಕೂ ಶಕ್ತಿ ಬೇಕು." ಇಬ್ಬರೂ ನಗುತ್ತಿದ್ದರು. ನನಗೂ ನಗು ಬಂತು. ನಗು ಬಂದದ್ದಕ್ಕೇ ಸಿಟ್ಟು ಬಂತು. ಇಷ್ಟು ಚುರುಕು ನಾಲಗೆಯ ಹೆಂಗಸಿನ ಜಾಗಕ್ಕೆ ನನ್ನನ್ನು ಕರೆತಂದಿದ್ದಾರಲ್ಲ ಅಂತ ಸೌಟು ಹಿಡಿದು ನಿಂತೆ.

ನನಗೂ ಛಲ ಇತ್ತು. ಹದಿಮೂರು ವರ್ಷ ಕನ್ನಡ ಕಲಿಸಿದವಳು, ಇಷ್ಟು ಮಾಡಲಾರೆನೇ ಅಂದುಕೊಂಡು ಒಂದು ಭಾನುವಾರ ಯಜಮಾನರು ಡ್ಯೂಟಿಗೆ ಹೋಗಿದ್ದಾಗ ಮಗುವಿನ ಪಕ್ಕ ಕೂತೆ. ಸೌಂಡ್ ತೆಗೆದೆ. ಮುಸುಕಿನವನು ತೆರೆಯ ಮೇಲೆ ಬಂದದ್ದೇ ನನ್ನ ಬಾಯಿಂದ ಬಂದದ್ದು ನನ್ನ ಊರಿನ ಮಾತು: "ಏ ಮಗನ, ಎಲ್ಲಿ ಹೊಂಟೀ? ನಿಂದ್ರಲ್ಲೆ. ಇವತ್ತ ನಿನ್ನ ಬಿಡಂಗಿಲ್ಲ ನೋಡು."

ಮಗು ನನ್ನ ಕಡೆ ತಿರುಗಿ ನೋಡಿತು. ಬೈಯಲಿಲ್ಲ, ಅಳಲಿಲ್ಲ. "ಚಿಕ್ಕಮ್ಮ, ಅವನು ಹಾಗೆ ಮಾತಾಡಲ್ಲ," ಅಂತ ಮೆಲ್ಲಗೆ ಹೇಳಿ, ಎದ್ದು ಹೋಗಿ ಹೋಂವರ್ಕ್ ತೆಗೆದುಕೊಂಡಿತು. ಆಮೇಲೆ ನಾನು ಆ ಕೆಲಸಕ್ಕೆ ಕೈ ಹಾಕಲಿಲ್ಲ. ಆದರೆ ಪ್ರತಿ ಭಾನುವಾರ ಅಡುಗೆಮನೆಯಿಂದ ಕೇಳಿದೆ. ಕೇಳಬಾರದು ಅಂದುಕೊಂಡು ಮಿಕ್ಸಿ ಹಾಕಿ, ಮಿಕ್ಸಿ ನಿಲ್ಲಿಸಿ ಮತ್ತೆ ಕೇಳಿದೆ. ಮಗಳಿಗೆ ಹದಿನಾಲ್ಕಾದಾಗ ಆ ಆಟ ತಾನಾಗಿ ನಿಂತಿತು. ಅಪ್ಪನಿಗೆ ಕೆಲಸ ಹೆಚ್ಚಾಯಿತು, ಮಗಳಿಗೆ ಸ್ನೇಹಿತೆಯರಾದರು.

ಈಗ ಅವಳಿಗೆ ಇಪ್ಪತ್ತು. ಮ್ಯಾನೇಜ್‌ಮೆಂಟ್ ಓದುತ್ತಾಳೆ. ನಾವಿಬ್ಬರೂ ಜಗಳವಾಡುವವರಲ್ಲ. ನನ್ನನ್ನು ಚಿಕ್ಕಮ್ಮ, ನೀವು ಅನ್ನುತ್ತಾಳೆ, ಹುಷಾರಿಲ್ಲದಿದ್ದರೆ ಮಾತ್ರೆ ತಂದುಕೊಡುತ್ತಾಳೆ. ಒಂಬತ್ತು ಹತ್ತು ವರ್ಷ ಒಂದೇ ಮನೆಯಲ್ಲಿದ್ದು ನಾನು ಅವಳಿಗೆ ಒಳ್ಳೆಯ ಬಾಡಿಗೆದಾರಳ ಹಾಗೆ. ನನಗೆ ಬೇಕಾಗಿದ್ದದ್ದು ಅದಲ್ಲ ಅಂತ ಯಾರಿಗೆ ಹೇಳಲಿ?

ರೀಬೂಟ್ ಬಂದಾಗ ಟಿಕೆಟ್ ತೆಗೆದವಳು ನಾನು. ಮೂವರೂ ಸೋನಾರ್‌ಪುರದವರೆಗೆ ನಡೆದು, ಅಲ್ಲಿಂದ ಇ-ರಿಕ್ಷಾ ಹಿಡಿದು ಮಾಲ್‌ಗೆ ಹೋದೆವು. ಹಾಲ್‌ನಲ್ಲಿ ಎಲ್ಲಿ ಬೇಕಾದರೂ ಕಾಲು ಚಾಚಿ ಕೂರಬಹುದಿತ್ತು. ಹೊಸ ಹುಡುಗ ಪಾಪ, ಎಷ್ಟು ಕಷ್ಟಪಟ್ಟಿದ್ದ. ಹಳೆಯವನಿಗಿಂತ ಚೆನ್ನಾಗಿ ಹೊಡೆದ, ಚೆನ್ನಾಗಿ ಅತ್ತ. ಯಜಮಾನರು ಮಧ್ಯದಲ್ಲೇ ನಿದ್ದೆಹೋದರು. ಮಗಳು ಫೋನ್ ನೋಡಿದಳು. ಅವರಿಬ್ಬರಿಗೂ ನಾಲ್ಕು ಬಾರಿಸಬೇಕು ಅನ್ನಿಸಿತು.

ಎರಡು ವಾರದಲ್ಲಿ ಸಿನಿಮಾ ಎತ್ತಂಗಡಿಯಾಯಿತು. ಎಲ್ಲ ಕಡೆಯೂ ಹಾಗೇ ಆಯಿತಂತೆ. ಅದೇ ಹೊತ್ತಿಗೆ ಮಗಳಿಗೆ ಕಾಲೇಜಿನಲ್ಲಿ ಒಂದು ಪ್ರೆಸೆಂಟೇಶನ್ ಕೊಡಬೇಕಾಗಿ ಬಂತು. ಅವಳು ಆರಿಸಿಕೊಂಡದ್ದು ಇದನ್ನೇ: ಹೆಸರಿದ್ದ ಹೀರೋ, ಕೈತುಂಬ ಬಂಡವಾಳ, ಆದರೂ ಜನ ಯಾಕೆ ಬರಲಿಲ್ಲ? ಒಂದು ಭಾನುವಾರ ಮಧ್ಯಾಹ್ನ ಊಟವಾದ ಮೇಲೆ, ಯಜಮಾನರು ಆಸ್ಪತ್ರೆಗೆ ಹೋಗಿದ್ದರು, ನನ್ನನ್ನು ಕೂರಿಸಿ ಓದಿ ತೋರಿಸಿದಳು.

"ಮೊದಲನೇದು, ಗೊತ್ತಿರೋ ಕಥೆಯನ್ನೇ ಮತ್ತೆ ಮೊದಲಿಂದ ಹೇಳಿದ್ರು. ಹಳೇ ಅಭಿಮಾನಿಗಳಿಗೆ ಬೇಜಾರು, ಹೊಸಬರಿಗೆ ಇವನು ಯಾರು ಅಂತಲೇ ಗೊತ್ತಿಲ್ಲ. ರಕ್ತ ಜಾಸ್ತಿ ತೋರಿಸಿ ಮಕ್ಕಳಿಗೆ ಬಾಗಿಲು ಹಾಕಿದ್ರು, ಮಕ್ಕಳಿಲ್ಲದೆ ಈ ಥರದ ಸಿನಿಮಾಕ್ಕೆ ಮನೆಮಂದಿ ಬರಲ್ಲ. ಟ್ರೇಲರ್‌ನಲ್ಲೇ ಎಲ್ಲ ತೋರಿಸಿಬಿಟ್ರು. ಹಿಂದಿನ ವಾರದ ದೊಡ್ಡ ಹಿಂದಿ ಸಿನಿಮಾ ಇನ್ನೂ ಓಡ್ತಿತ್ತು, ಒಳ್ಳೇ ಶೋ ಸಿಗಲಿಲ್ಲ."

"ಹೂಂ, ಇವೆಲ್ಲ ಖರೆ," ಅಂದೆ. ಅಲ್ಲಿಗೆ ಬಿಡಬೇಕಿತ್ತು.

"ಎಲ್ಲಕ್ಕಿಂತ ಮುಖ್ಯ ಇದು, ಚಿಕ್ಕಮ್ಮ. ಜನ ಪ್ರೀತಿಸಿದ್ದು ಮುಸುಕನ್ನಲ್ಲ, ಅದರೊಳಗಿದ್ದ ಮನುಷ್ಯನನ್ನ. ಅವನ ಜಾಗಕ್ಕೆ ಬೇರೆಯವನನ್ನ ತಂದು ನಿಲ್ಲಿಸಿ, ಇವನೇ ಅವನು ಅಂದ್ರೆ ಯಾರು ಒಪ್ತಾರೆ?"

ನನ್ನ ಕಿವಿ ಬಿಸಿಯಾಯಿತು. "ಅವ ಎಲ್ಲೆ ಹಂಗಂದ? ನಾನ ಅವ ಅಂತ ಅವ ಒಂದರ ಸಲ ಅಂದಾನೇನು? ಅವಗ ಕೆಲಸ ಕೊಟ್ರು, ಬಂದ, ಮೈ ಮುರದು ಮಾಡಿದ. ನೀವು ಬಂದು ಕುಂತು ಫೋನ್ ನೋಡಿದ್ರಿ. ನಿಮ್ಮಪ್ಪ ಗೊರಕಿ ಹೊಡದ್ರು. ಅವನ ಮುಖಾನರ ನೋಡಿದ್ರೇನು? ಹಳೇದು ಅಷ್ಟ್ ಚಂದಿತ್ತು ಅಂತ ಯಾರು ಹೇಳಿದ್ರು ನಿನಗ? ನೀ ಅದನ್ನ ಒಮ್ಮೆಯಾದ್ರೂ ಕೇಳೀಯೇನು?"

ನಾನು ಸಿನಿಮಾದ ಮಾತಾಡುತ್ತಿಲ್ಲ ಅಂತ ಮಗಳಿಗೆ ಗೊತ್ತಾಗಿತ್ತು. ಲ್ಯಾಪ್‌ಟಾಪಿನಲ್ಲಿ ಹಳೆಯ ಸಿನಿಮಾ ಹುಡುಕಿ, ಸೌಂಡ್ ಪೂರ್ತಿ ಇಟ್ಟು, ಶುರು ಮಾಡಿದಳು.

ಕಾಲು ಗಂಟೆಯೂ ಆಗಲಿಲ್ಲ, ಇಬ್ಬರಿಗೂ ಗೊತ್ತಾಯಿತು. ಅದು ಸಪ್ಪೆ ಸಿನಿಮಾ. ಮುಸುಕಿನವನು ನ್ಯಾಯ, ಕರ್ತವ್ಯ, ಕತ್ತಲೆ ಅಂತ ಗಂಟಲು ದಪ್ಪ ಮಾಡಿ ಹಿಂದಿಯಲ್ಲಿ ಭಾಷಣ ಬಿಗಿಯುತ್ತಿದ್ದ. ಕಸದವನ ಮಾತಿಲ್ಲ, ಚಪ್ಪಲಿಯ ಮಾತಿಲ್ಲ, ಊಟದ ಮಾತಿಲ್ಲ.

"ಇಷ್ಟೇನಾ?" ಅಂದಳು ಮಗಳು.

ನಾನು ಗೆದ್ದಿದ್ದೆ. ಗೆದ್ದ ಮರುಕ್ಷಣವೇ ಸೋತದ್ದು ಗೊತ್ತಾಯಿತು. ಸಿನಿಮಾದಲ್ಲಿ ಏನೂ ಇರಲಿಲ್ಲ ಅಂದರೆ ಇದ್ದದ್ದೆಲ್ಲ ಅಕ್ಕನದೇ. ಇಷ್ಟು ವರ್ಷ ಅವಳಿಗೆ ಒಳ್ಳೆಯ ಸಿನಿಮಾ ಸಿಕ್ಕಿತ್ತು, ಅದಕ್ಕೇ ಮೆರೆದಳು ಅಂದುಕೊಂಡು ಒಂದಿಷ್ಟು ಸಮಾಧಾನಪಟ್ಟುಕೊಂಡಿದ್ದೆ. ಆ ಸಮಾಧಾನವೂ ಹೋಯಿತು. ಅವತ್ತು ಪಟ್ಟಷ್ಟು ಹೊಟ್ಟೆಕಿಚ್ಚನ್ನು ನಾನು ಬದುಕಿರುವವರ ಮೇಲೂ ಪಟ್ಟಿಲ್ಲ.

ಮಗಳು ಸೌಂಡ್ ತೆಗೆದಳು. ತಾನೇ ಹೇಳಲು ಶುರುಮಾಡಿದಳು. ಚಪ್ಪಲಿಯ ಮಾತು ಬಂತು. ಕಸದ ಮಾತು ಅರ್ಧ ಬಂತು, ಉಳಿದರ್ಧ ಹಿಂದಿಯಲ್ಲಿ ಬಂತು. ಆಮೇಲೆ ತಡವರಿಸಿದಳು. ತೆರೆಯ ಮೇಲೆ ತುಟಿ ಅಲ್ಲಾಡುತ್ತಿತ್ತು, ಅವಳಿಗೆ ಮಾತು ಸಿಗುತ್ತಿರಲಿಲ್ಲ. ಮುಂದೆ ಮುಂದೆ ಓಡಿಸಿ ಕೊನೆಯ ದೃಶ್ಯಕ್ಕೆ ತಂದು ನಿಲ್ಲಿಸಿದಳು. ಹೀರೋ ಊರು ಬಿಟ್ಟು ಹೊರಟಿದ್ದಾನೆ. ತಾನು ಕಾಪಾಡಿದ ಪುಟ್ಟ ಹುಡುಗಿಯ ಮನೆ ಬಾಗಿಲಲ್ಲಿ ಮಂಡಿಯೂರಿ ಕೂತು ಅವಳಿಗೆ ಏನೋ ಹೇಳುತ್ತಿದ್ದಾನೆ.

"ಇಲ್ಲಿ ಅಮ್ಮ ಏನೋ ಹೇಳ್ತಿದ್ದಳು. ನಗೋದಲ್ಲ, ಬೇರೆ ಏನೋ." ಹಣೆ ಒತ್ತಿಕೊಂಡಳು. "ಅಪ್ಪನ್ನ ಹೋದ ವರ್ಷ ಕೇಳಿದೆ. ಅವರಿಗೂ ಮರೆತುಹೋಗಿದೆ. ಹೋಯ್ತು, ಚಿಕ್ಕಮ್ಮ, ಅದು ಇನ್ನು ಯಾರ ಹತ್ರಾನೂ ಇಲ್ಲ." ಕಣ್ಣೀರು ಬಂತು. ಅವಳು ನನ್ನ ಮುಂದೆ ಅತ್ತದ್ದು ಅದೇ ಮೊದಲು.

ನನ್ನ ಹತ್ತಿರ ಇತ್ತು. ಹೊಟ್ಟೆಕಿಚ್ಚಿನವರು ಯಾವುದನ್ನೂ ಮರೆಯುವುದಿಲ್ಲ. ನಾಲ್ಕು ವರ್ಷ ಅಡುಗೆಮನೆಯಲ್ಲಿ ನಿಂತು, ಒಂದೊಂದು ಮಾತಿಗೂ ಉರಿದು, ಇಡೀ ಸಿನಿಮಾ ನನಗೆ ಬಾಯಿಪಾಠವಾಗಿತ್ತು. ಈ ಕೊನೆಯ ಮಾತಂತೂ ಯಜಮಾನರು ದನಿ ತಗ್ಗಿಸಿ ಹೇಳುತ್ತಿದ್ದರು. ಕೇಳಿದಾಗಲೆಲ್ಲ ಅಕ್ಕ ನನ್ನ ಬಗ್ಗೆಯೇ ಏನೋ ಹೇಳುತ್ತಿದ್ದಾಳೆ ಅನ್ನಿಸಿ ನಲ್ಲಿ ಜೋರಾಗಿ ಬಿಡುತ್ತಿದ್ದೆ. ಈಗ ನನಗೂ ಗೊತ್ತಿಲ್ಲ ಅಂದಿದ್ದರೆ ಅಲ್ಲಿಗೆ ಮುಗಿದೇ ಹೋಗುತ್ತಿತ್ತು. ಆ ಮನೆಯಲ್ಲಿ ಅಕ್ಕನ ದನಿ ಅಷ್ಟಾದರೂ ಕಮ್ಮಿಯಾಗುತ್ತಿತ್ತು. ಸುಳ್ಳು ಯಾಕೆ ಹೇಳಲಿ, ಹಾಗೆ ಅನ್ನಬೇಕು ಅಂತ ಬಾಯಿವರೆಗೂ ಬಂತು.

ಮಗಳು ಕೆನ್ನೆ ಒರೆಸಿಕೊಂಡು ಲ್ಯಾಪ್‌ಟಾಪ್ ಮುಚ್ಚಲು ಕೈ ಚಾಚಿದಳು. "ತಡಿ," ಅಂದೆ. ತೆರೆಯ ಮೇಲೆ ನಿಂತಿದ್ದ ಚಿತ್ರವನ್ನು ಓಡಿಸು ಅಂದೆ. ಮುಸುಕಿನವನ ಗಲ್ಲ ಅಲ್ಲಾಡತೊಡಗಿದಾಗ, ನನ್ನದಲ್ಲದ ಮೈಸೂರಿನ ಮಾತಿನಲ್ಲಿ, ಒಂದಕ್ಷರ ಆಚೀಚೆ ಮಾಡದೆ ಹೇಳಿದೆ:

"ನಾನು ಹೋದ ಮೇಲೆ ಅಗಳಿ ಹಾಕ್ಕೋ ಪುಟ್ಟಿ. ನಾನಂತೂ ಇನ್ನು ಬಂದು ತಟ್ಟಲ್ಲ. ಬೇರೆ ಯಾರಾದ್ರೂ ತಟ್ಟಿದ್ರೆ, ಕಿಟಕೀಲಿ ನೋಡು. ಒಳ್ಳೆಯವರು ಅನ್ನಿಸಿದ್ರೆ ತೆಗಿ. ಹೊರಗೆ ಜಾಸ್ತಿ ಹೊತ್ತು ನಿಲ್ಲಿಸಬೇಡ, ಪಾಪ, ಅವರ ಕಾಲೂ ನೋಯುತ್ತೆ."

"ಇದೇ," ಅಂದಳು ಮಗಳು. "ಅಮ್ಮ ಹೀಗೇ ಹೇಳ್ತಿದ್ದಳು." ಎದ್ದು ಬಂದು ನನ್ನ ಪಕ್ಕ ಒತ್ತಿಕೊಂಡು ಕೂತಳು. ಇಷ್ಟು ವರ್ಷ ಆ ಸೋಫಾದಲ್ಲಿ ನಮ್ಮಿಬ್ಬರ ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ ಇರುತ್ತಿತ್ತು. ಅವಳ ತಲೆ ನನ್ನ ಭುಜಕ್ಕೆ ತಗುಲಿತು. ನನಗೆ ಬೇಕಾಗಿದ್ದದ್ದು ಇದೇ, ಇದಕ್ಕಾಗಿಯೇ ನಾನು ಕಾದದ್ದು. ಆದರೆ ಆ ಬಾಗಿಲು ತೆಗೆಸಿದ ಮಾತು ನನ್ನದಾಗಿರಲಿಲ್ಲ. ಅದನ್ನೂ ಅಕ್ಕನೇ ಹೇಳಿಟ್ಟು ಹೋಗಿದ್ದಳು, ನನ್ನ ಕಾಲು ನೋಯುತ್ತದೆ ಅನ್ನುವುದನ್ನೂ ಸೇರಿಸಿ.