ತ್ರಿಕೋನ ಅಲ್ಲದ ಗುಡ್ಡ

ಆಗೆಲ್ಲ ‘ಚಿತ್ರ ಬರೀರಿ’ ಅಂದರೆ ಸಾಕು, ಕ್ಲಾಸಿನವರೆಲ್ಲ ಒಂದೇ ಚಿತ್ರ ಬರೆಯುತ್ತಿದ್ದೆವು. ಸ್ಕೇಲ್ ಇಟ್ಟು ಎರಡು ತ್ರಿಕೋನದ ಗುಡ್ಡ, ನಡುವೆ ಅರ್ಧ ಸೂರ್ಯ, ಕೆಳಗೊಂದು ಹೊಳೆ, ದಂಡೆಗೆ ತೆಂಗಿನ ಮರ. ಸುರಪುರದ ಮಕ್ಕಳು ನಾವು! ಕಿಟಕಿ ತೆಗೆದರೆ ಗುಂಡು ಬಂಡೆಯ ಮೇಲೆ ಗುಂಡು ಬಂಡೆ ಹೇರಿದ ಗುಡ್ಡ. ಶಾಲೆ ಬಿಟ್ಟರೆ ಅದೇ ಗುಂಡುಗಳ ಸಂದಿಯಲ್ಲಿ ಅಡಗುವ ಆಟ, ಬಿಸಿ ಬಂಡೆಯ ಮೇಲೆ ಜಾರಿ ಜಾರಿ ಲಂಗ ಹರಿದುಕೊಂಡು ಅವ್ವನಿಂದ ಬೈಸಿಕೊಳ್ಳುವುದು. ಹಾಳೆಯ ಮೇಲೆ ಮಾತ್ರ ತ್ರಿಕೋನ.

ನಾನು ಏಳನೆಯ ಇಯತ್ತೆಯಲ್ಲಿದ್ದಾಗ ಹೊಸ ಡ್ರಾಯಿಂಗ್ ಮಾಸ್ತರರು ಬಂದರು. ನನ್ನ ಹಾಳೆ ಹಿಡಿದು ಕಿಟಕಿಗೆ ಕರೆದರು.

“ಇದು ಯಾವೂರ ಗುಡ್ಡ?”

“ನಮ್ಮೂರದ್ರಿ ಸರ್.”

“ಎಲ್ಲಿ ಅದ, ತೋರ್ಸು ನೋಡೋಣ.”

ಇದ್ದರೆ ತಾನೇ ತೋರಿಸುವುದು!

“ಸ್ಕೇಲ್ ಚೀಲದಾಗ ಇಡು. ಮೊದಲ ಸುಮ್ನ ಕುಂತು ನೋಡು. ಬರೆಯೋದು ಆಮ್ಯಾಲ.”

ಆ ಚಳಿಗಾಲವೆಲ್ಲ ನೋಡಿದ್ದೇ ನೋಡಿದ್ದು. ಬೆಳಿಗ್ಗೆ ಗುಂಡುಗಳ ನೆರಳು ಕಪ್ಪಲ್ಲ, ನೀಲಿ. ಎಮ್ಮೆಯ ಬೆನ್ನೂ ಅಷ್ಟೇ. ಅವ್ವ ರೊಟ್ಟಿ ಬಡಿಯುವಾಗ ಒಲೆಯ ಬೆಳಕು ಅವಳ ಕೆನ್ನೆಯ ಮೇಲೆ ಆಡುವುದನ್ನು ಬಾಯಿ ತೆರೆದು ನೋಡುತ್ತಿದ್ದೆ.

“ರೊಟ್ಟಿ ಹೊತ್ತಾಕತ್ತದ! ಹಂಚು ನೋಡು ಅಂದ್ರ ನನ್ನ ಮಾರಿ ಏನ್ ನೋಡ್ತೀ?”

“ಅವ್ವಾ, ನಿನ್ನ ಮಾರಿ ಒಂದ್ ಕಡಿ ಕೆಂಪು, ಒಂದ್ ಕಡಿ ಕಪ್ಪು ಅದ.”

ಕೂಸಿಗೆ ನೆದರು ತಾಗಿದೆ, ದೃಷ್ಟಿಯಾಗಿದೆ ಅಂತ ಅವಳು ಉಪ್ಪು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದಳು. ನೆದರು ತಾಗಿದ್ದರೆ ಘಾಟು ಬರಬಾರದು. ಮನೆಮಂದಿಯೆಲ್ಲ ಕೆಮ್ಮಿ ಕೆಮ್ಮಿ ಅಂಗಳಕ್ಕೆ ಓಡಿದೆವು.

ಅಷ್ಟರಲ್ಲಿ ತಾಲ್ಲೂಕಿನ ಚಿತ್ರ ಸ್ಪರ್ಧೆ ನಮ್ಮ ಶಾಲೆಗೇ ಬಂತು. ವಿಷಯ ‘ನಮ್ಮೂರು’. ಗೆದ್ದವರು ಮುಂದಿನ ಸುತ್ತಿಗೆ ಯಾದಗಿರಿಗೆ. ಅಪ್ಪ ಮೊದಲೇ ಹೇಳಿಬಿಟ್ಟಿದ್ದ: “ಯಾದಗಿರಿಗಿ ಹೋದ್ರ ಡ್ರಾಯಿಂಗ್ ಪರೀಕ್ಷಾಕ್ಕ ಕೂಡಸ್ತೀನಿ. ಇಲ್ಲಂದ್ರ ಈ ಗೀಚೋದು ಬಂದ್.”

ಕಿಟಕಿಯಾಚೆ ಕಂಡದ್ದನ್ನು ಗುಂಡು ಗುಂಡಾಗಿ, ನೀಲಿ ನೆರಳಿನ ಸಮೇತ ಬರೆದೆ. ಪರೀಕ್ಷಿಸಲು ಬಂದ ಸಾಹೇಬರು ಅದೇ ಕಿಟಕಿಗೆ ಬೆನ್ನು ಕೊಟ್ಟು ನಿಂತು ಹಾಳೆ ಎತ್ತಿದರು.

“ಇದೇನು, ಆಲೂಗಡ್ಡಿ ರಾಶಿ ಹಾಕೀದಿ? ಗುಡ್ಡ ಹಿಂಗ ಇರ್ತಾವೇನು?”

“ನಿಮ್ಮ ಹಿಂದೇ ಅದ ನೋಡ್ರಿ ಸರ್.”

“ಎದುರ ಮಾತಾಡ್ತೀ?”

“ಒಮ್ಮಿ ಹೊಳ್ಳಿ ನೋಡ್ರಿ ಸಾಹೇಬ್ರ,” ಅಂದರು ನಮ್ಮ ಮಾಸ್ತರರು, ಕೈ ಮುಗಿದು.

ಹೊಳ್ಳಲಿಲ್ಲ, ಪುಣ್ಯಾತ್ಮ! ಕತ್ತು ತಿರುಗಿಸಲು ಏನು ಖರ್ಚಾಗುತ್ತಿತ್ತು? ತ್ರಿಕೋನ ಬರೆದ ಹುಡುಗ ಯಾದಗಿರಿಗೆ ಹೋದ, ಅಪ್ಪ ನನ್ನ ಬಣ್ಣದ ಡಬ್ಬಿಯನ್ನು ಜಂತಿಗೆ ಸಿಕ್ಕಿಸಿಟ್ಟ. ಇವತ್ತಿಗೂ ನೆನೆದರೆ ಮೈ ಉರಿಯುತ್ತದೆ. ಡಬ್ಬಿ ಹೋಯಿತು, ಕಣ್ಣು ಮಾತ್ರ ಮತ್ತೆ ಮೊದಲಿನಂತಾಗಲಿಲ್ಲ. ಹುಣಸಗಿಗೆ ಮದುವೆಯಾಗಿ ಬಂದ ಮೇಲೂ ಕಾಲುವೆ ನೀರಿನ ಬಣ್ಣ ನೋಡುತ್ತಾ ಬಸ್ಸು ತಪ್ಪಿಸಿಕೊಂಡವಳು ನಾನು.

ಈಗ ಆ ಶಾಲೆಯಲ್ಲಿ ತಮ್ಮನ ಮಗಳು ಓದುತ್ತಾಳೆ. ಮಾಸ್ತರರು ನಿವೃತ್ತರಾದ ಮೇಲೆ ಆ ಜಾಗಕ್ಕೆ ಯಾರನ್ನೂ ಹಾಕಿಲ್ಲ. ಚಿತ್ರದ ಪಿರಿಯಡ್ಡಿನಲ್ಲೂ ಗಣಿತವಂತೆ. ಮೊನ್ನೆ ತವರಿಗೆ ಹೋದಾಗ ಅವಳು ತನ್ನ ಚಿತ್ರ ತೋರಿಸಿದಳು. ಎರಡು ತ್ರಿಕೋನ, ನಡುವೆ ಸೂರ್ಯ! ಸಿಟ್ಟು ನೆತ್ತಿಗೇರಿತು. ರಟ್ಟೆ ಹಿಡಿದು ಮಾಳಿಗೆಗೆ ಕರೆದೊಯ್ದೆ. ನಾನೂ ಮಾಳಿಗೆ ಹತ್ತಿ ಗುಡ್ಡ ನೋಡಿ ವರ್ಷಗಳೇ ಆಗಿದ್ದವು.

“ಹೊಳ್ಳಿ ನೋಡು! ನಮ್ಮೂರ ಗುಡ್ಡ ಹಿಂಗ ಅದೇನು?”

ಹುಡುಗಿ ನೋಡಿದಳು. ನಾನೂ ನೋಡಿದೆ. ಗುಂಡು ಒಂದೂ ಉಳಿದಿರಲಿಲ್ಲ, ಎಲ್ಲ ಕಲ್ಲೊಡೆದು ಜಲ್ಲಿ ಮಾಡುವ ಖಡಿ ಮಷೀನಿನ ಪಾಲಾಗಿದ್ದವು. ಎರಡೂ ಕಡೆಯಿಂದ ಕೊರೆದು ಬಿಟ್ಟ ಗುಡ್ಡ ಸ್ಕೇಲ್ ಇಟ್ಟು ಗೆರೆ ಎಳೆದಂತೆ ಚೂಪಾಗಿ ನಿಂತಿತ್ತು.

“ಹಿಂಗೇ ಅದಲ್ಲ, ಅತ್ತಿ?” ಅಂದಳು.

ಹಿಡಿದಿದ್ದ ರಟ್ಟೆ ಬಿಟ್ಟೆ. ಆ ಸಾಹೇಬರು ಈಗ ಹೊಳ್ಳಿ ನೋಡಿದರೂ ನಾನೇ ಸುಳ್ಳಿಯಾಗುತ್ತೇನೆ.