ಲಗ್ನಪತ್ರಿಕೆಗಳ ತಂತಿಯಲ್ಲೊಂದು ಸಮನ್ಸ್

ಗೆಳೆಯರೇ, ಇವತ್ತು ಒಂದು ಇಂಗ್ಲಿಷ್ ಪದವನ್ನು ಮೆತ್ತಗೆ ಮಾಡಿ ಹೇಳಿ ತಪ್ಪು ಮಾಡಿದೆ.

ಬ್ಯಾಡಗಿಯ ನಮ್ಮ ಓಣಿಯ ಗಂಗವ್ವ ಬೆಳಿಗ್ಗೆ ನನ್ನಿಂದ ಓದಿಸಲು ಒಂದು ಪತ್ರ ತಂದರು. ಗೋವಾದ ಕೋರ್ಟಿನದು. ಅವರ ಮಗ ಬಸವರಾಜ ಮೆಣಸಿನಕಾಯಿ ಲಾರಿ ಓಡಿಸುತ್ತಾನೆ. ಹೋದ ವರ್ಷ ಅಲ್ಲಿ ಅವನ ಕಣ್ಣೆದುರೇ ಕಾರೊಂದು ಬೈಕಿಗೆ ಗುದ್ದಿ, ಬೈಕಿನವನು ಸತ್ತಿದ್ದ. ‘ಯು ಆರ್ ಹಿಯರ್‌ಬೈ ಸಮನ್ಡ್’ ಎಂದು ಬರೆದಿತ್ತು. ಗಂಗವ್ವನನ್ನು ಹೆದರಿಸಬಾರದೆಂದು, “ಬಸೂನ್ನ ಸಾಕ್ಷಿ ಹೇಳಾಕ ಕರದಾರ್ರಿ, ಅಷ್ಟ” ಎಂದೆ.

“ಕರದಾರ? ಹಂಗಾರ ಆತು ಬಿಡಪಾ. ಕರದಲ್ಲೆಲ್ಲಾ ಹೋಗಾಕ ಆಗತೈತೇನು?”

ಮಧ್ಯಾಹ್ನ ಅವರ ಮನೆಗೆ ಹೋದರೆ, ಆ ಪತ್ರವನ್ನು ಗೋಡೆಯ ತಂತಿಗೆ ಹಳೆಯ ಲಗ್ನಪತ್ರಿಕೆಗಳ ಜೊತೆ ಚುಚ್ಚಿಟ್ಟಿದ್ದರು. ಮಗನಿಗೆ ಹೇಳಿಯೇ ಇರಲಿಲ್ಲ.

“ಎವ್ವಾ, ನಾ ಅರ್ಧಾ ಹೇಳೀನಿ. ಇದು ಹೋಗಲೇಬೇಕಾದ ಕರೆ. ಹೋಗಲಿಲ್ಲಂದ್ರ ಪೊಲೀಸರು ಬರತಾರ.”

“ಕರಿಯೂದೂ ಅವರ, ಹೆದರಸೂದೂ ಅವರ! ಇದೆಂಥಾ ಬೀಗತನಪಾ?” ಎಂದು ಸಿಡುಕಿದರು. ಆಮೇಲೆ ಮೆಲ್ಲಗೆ ಕೇಳಿದರು: “ಸತ್ತಾವಗ ಹೆಂಡ್ತಿ ಅದಾಳೇನು?”

“ಅದಾಳ್ರಿ. ಕೇಸು ಹಾಕಿದಾಕಿ ಆಕಿನ ಅಂತ ಪತ್ರದಾಗ ಐತಿ. ಕಣ್ಣಾರೆ ನೋಡಿದಾಂವ ನಮ್ಮ ಬಸೂ ಒಬ್ಬನ.”

ಗಂಡನಿಲ್ಲದೆ ಮಗನನ್ನು ಬೆಳೆಸಿದ ಗಂಗವ್ವ ಪತ್ರವನ್ನು ತಂತಿಯಿಂದ ಬಿಡಿಸಿಕೊಂಡು ಫೋನ್ ಹಚ್ಚಿದರು.

“ಬಸೂ, ಗೋವಾದಾಗ ಒಬ್ಬಾಕಿ ಹೆಣ್ಮಗಳು ನಿನ್ನ ಕರದಾಳ. ಹೋಗಾಕಬೇಕು.”

ನಮ್ಮ ಓಣಿಯಲ್ಲಿ ಇಂಗ್ಲಿಷ್ ಎಂ.ಎ. ಮಾಡಿದವನು ನಾನೊಬ್ಬನೇ; ಆದರೆ ‘ಸಮನ್ಡ್’ ಪದಕ್ಕೆ ಸರಿಯಾದ ಕನ್ನಡ ಹೊಳೆದದ್ದು ಗಂಗವ್ವನಿಗೆ.