ಇಳಿಯುವುದನ್ನು ಕಲಿಸಿದ ಡ್ರಿಲ್ ಮಾಸ್ಟ್ರು

ಡ್ರಿಲ್ ಮಾಸ್ಟ್ರ ಪಾದಗಳು ತುಂಬ ಅಗಲ. ಬೆರಳುಗಳು ಒಂದಕ್ಕೊಂದು ತಾಗದೆ, ಬಿಡಿಬಿಡಿಯಾಗಿ ನೆಲವನ್ನು ಹಿಡಿದುಕೊಂಡಂತೆ ಇರುತ್ತಿದ್ದವು. ಎಡಗಾಲಿನ ಹೆಬ್ಬೆರಳಿಗೆ ಉಗುರಿರಲಿಲ್ಲ. ಹಿಮ್ಮಡಿಯ ಬಿರುಕುಗಳಲ್ಲಿ ಯಾವಾಗಲೂ ಸ್ವಲ್ಪ ಮರಳು. ಅವರು ಚಪ್ಪಲಿ ಹಾಕಿದ್ದನ್ನು ನಾನು ನೋಡಿದ್ದು ಎರಡೋ ಮೂರೋ ಸಲ, ಅದೂ ಮದುವೆ ಊಟಗಳಲ್ಲಿ. ಹೊಸಬರು ಯಾರೇ ಬರಲಿ, ಮಾಸ್ಟ್ರು ಮೊದಲು ಅವರ ಕಾಲು ನೋಡುತ್ತಿದ್ದರು, ಆಮೇಲೆ ಮುಖ.

ಸರಕಾರಿ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕರಾಗಿದ್ದು ನಿವೃತ್ತರಾದವರು ಅವರು. ಕಾಪುವಿನ ಕಡಲ ಪಕ್ಕದಲ್ಲಿ ಒಂದು ಭಜನಾ ಮಂದಿರದ ಜಗಲಿಯ ಮೇಲೆ ಸಂಜೆ ಐದು ಗಂಟೆಗೆ ಹೆಂಗಸರಿಗೆ ಯೋಗ ಹೇಳಿಕೊಡುತ್ತಿದ್ದರು. ಮೀನು ಮಾರಿ ಬಂದವರು, ಟೈಲರಿಂಗ್ ಮಾಡುವವರು, ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು, ಹೀಗೆ ಹತ್ತು ಹದಿನೈದು ಮಂದಿ. ಮನೆಯಲ್ಲಿ, ಪೇಟೆಯಲ್ಲಿ ತುಳು ಮಾತಾಡಿದರೂ ಜಗಲಿ ಹತ್ತಿದ ಮೇಲೆ ಅವರದು ಕನ್ನಡವೇ, ಶಾಲೆಯ ಅಭ್ಯಾಸ. ಕೊರಳಲ್ಲಿ ಹಳೆಯ ಸೀಟಿಯೂ ಉಳಿದುಕೊಂಡಿತ್ತು. ಶವಾಸನದಲ್ಲಿ ಯಾರಾದರೂ ಗೊರಕೆ ಹೊಡೆದರೆ ಅದನ್ನು ಮೆಲ್ಲಗೆ ಊದುತ್ತಿದ್ದರು.

ನಾನು ಅಲ್ಲಿಗೆ ಹೋದದ್ದು ಯೋಗ ಕಲಿಯಲಿಕ್ಕಲ್ಲ. ನಾನು ಮಣಿಪಾಲದ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸದವಳು. ಊರು ಕಾರ್ಕಳ, ಇರುವುದು ಉಡುಪಿಯಲ್ಲಿ, ಅಮ್ಮನ ಜೊತೆ. ಆ ವರ್ಷ ಒಂದು ಶಿಬಿರಕ್ಕೆ ಸೇರಿದ್ದೆ. ಐದು ದಿನ, ಕಣ್ಣು ಮುಚ್ಚಿ ಜೋರಾಗಿ ಉಸಿರಾಡುವುದು, ಬೆನ್ನ ಬುಡದಿಂದ ಶಕ್ತಿ ಮೇಲೇರುತ್ತಿದೆ ಎಂದು ಭಾವಿಸುವುದು, ಹಣ್ಣು ಮಾತ್ರ ತಿನ್ನುವುದು. ಮೂರನೆಯ ದಿನ ನನಗೆ ಎಂಥದೋ ಬೆಳಕು ಕಂಡಂತಾಗಿ ಅತ್ತುಬಿಟ್ಟೆ. ಅಷ್ಟು ಸುಖವನ್ನು ನಾನು ಅದಕ್ಕೆ ಮೊದಲು ಅನುಭವಿಸಿರಲಿಲ್ಲ. ಐದನೆಯ ದಿನ ಉಳಿದವರೆಲ್ಲ ನಗುನಗುತ್ತಾ ಮನೆಗೆ ಹೋದರು. ನಾನು ಹೋದೆನಾದರೂ ಮನೆಗೆ ಮುಟ್ಟಲಿಲ್ಲ ಎನ್ನಬೇಕು. ಬೆನ್ನಲ್ಲಿ ಕರೆಂಟು ಹರಿದಂತೆ, ನೆತ್ತಿಯಲ್ಲಿ ಬಿಸಿ, ನಡೆದರೆ ನೆಲ ದೋಣಿಯ ಹಾಗೆ ತೂಗುವುದು, ನಿದ್ದೆ ಇಲ್ಲ. ನನ್ನ ಕೈಯನ್ನೇ ನೋಡಿದರೆ ಬೇರೆ ಯಾರದೋ ಕೈ ಅನ್ನಿಸುತ್ತಿತ್ತು. ಶಿಬಿರದವರಿಗೆ ಫೋನ್ ಮಾಡಿದೆ. “ಒಳ್ಳೆಯದೇ ಆಗ್ತಾ ಇದೆ, ಅಭ್ಯಾಸ ಹೆಚ್ಚು ಮಾಡಿ” ಎಂದರು. ಹೆಚ್ಚು ಮಾಡಿದೆ. ಕೈ ನಡುಗಲು ಶುರುವಾಯಿತು.

ಸೂಜಿ ಹಿಡಿಯುವ ಕೈ ನಡುಗಿದರೆ ಕೆಲಸ ಎಲ್ಲಿ? ಲ್ಯಾಬಿನ ಮೇಲ್ವಿಚಾರಕರು ನನ್ನನ್ನು ಟ್ಯೂಬುಗಳಿಗೆ ಚೀಟಿ ಅಂಟಿಸಲು ಕೂರಿಸಿ, “ಒಂದು ತಿಂಗಳು ನೋಡುವ” ಎಂದರು. ಡಾಕ್ಟರು ಥೈರಾಯ್ಡ್, ಕಿವಿ, ತಲೆ ಎಲ್ಲ ಪರೀಕ್ಷಿಸಿ ಏನೂ ಕಾಣಿಸುವುದಿಲ್ಲ, ವಿಶ್ರಾಂತಿ ತೆಗೆದುಕೊಳ್ಳಿ ಎಂದರು. ಆಗ ನನ್ನ ಸಹೋದ್ಯೋಗಿ, ಕಾಪುವಿನ ಅಕ್ಕ ಒಬ್ಬರು, “ನಮ್ಮ ಮಾಸ್ಟ್ರ ಹತ್ತಿರ ಒಮ್ಮೆ ಬಾ” ಎಂದು ಕರೆದುಕೊಂಡು ಹೋದರು.

ಮಾಸ್ಟ್ರು ನನ್ನ ಕಾಲು ನೋಡಿದರು. ನಾನು ಬೆರಳ ತುದಿಯ ಮೇಲೆ ನಿಂತಿದ್ದೆನಂತೆ. ನನಗೆ ಗೊತ್ತೇ ಇರಲಿಲ್ಲ.

“ಡಾಕ್ಟರಿಗೆ ತೋರಿಸಿದ್ದೀರಾ?”

“ತೋರಿಸಿದ್ದೇನೆ. ಏನೂ ಇಲ್ಲವಂತೆ.”

“ಮಧ್ಯಾಹ್ನ ಎಂತ ಊಟ ಮಾಡಿದ್ರಿ?”

“ಎರಡು ಬಾಳೆಹಣ್ಣು.”

ಅವರು ಸೀಟಿಯನ್ನು ಅಂಗಿಯೊಳಗೆ ಹಾಕಿಕೊಂಡು, ಕ್ಲಾಸನ್ನು ಬ್ಯಾಂಕಿನ ಅಮ್ಮನಿಗೆ ಒಪ್ಪಿಸಿ, ಹಿಂದಿನ ಓಣಿಯಲ್ಲಿದ್ದ ತಮ್ಮ ಮನೆಗೆ ನನ್ನನ್ನು ಕರೆದೊಯ್ದರು. ಅವರ ಹೆಂಡತಿ ಕುಚ್ಚಲಕ್ಕಿ ಗಂಜಿ ಬಿಸಿ ಮಾಡಿ, ಮಾವಿನ ಮಿಡಿ ಉಪ್ಪಿನಕಾಯಿ ಹಾಕಿ ಎದುರಿಗೆ ಇಟ್ಟರು. ನಾನು ಶಕ್ತಿ, ಚಕ್ರ ಎಂದು ಏನೋ ವಿವರಿಸಲು ಹೊರಟೆ. “ಗಂಜಿ ತಣಿಯುತ್ತದೆ” ಎಂದರು ಮಾಸ್ಟ್ರು. ಬಟ್ಟಲು ಖಾಲಿಯಾದ ಮೇಲೆ ಕೇಳಿದರು: “ಈಗ ಹೊಟ್ಟೆ ಎಲ್ಲಿ ಉಂಟು ಅಂತ ಗೊತ್ತಾಗ್ತದಾ?”

ಗೊತ್ತಾಗುತ್ತಿತ್ತು. ಎಷ್ಟೋ ದಿನದ ಮೇಲೆ ನಾನು ನಕ್ಕೆ.

ಅಂದು ಅವರು ಕೊಟ್ಟ ಸೂಚನೆಗಳು ಕಡಿಮೆ. ಉಸಿರಿನ ಅಭ್ಯಾಸ ಪೂರ್ತಿ ನಿಲ್ಲಿಸಬೇಕು. ಕಣ್ಣು ಮುಚ್ಚಿ ಕೂರಬಾರದು. ಮೂರು ಹೊತ್ತು ಬಿಸಿ ಊಟ. ದಿನಾ ಸಂಜೆ ಬರಬೇಕು. ಬಂದೆ. ನನಗೆ ಆಸನ ಹೇಳಿಕೊಡುತ್ತಾರೆ ಎಂದುಕೊಂಡರೆ ಅವರು ಪೊರಕೆ ಕೊಟ್ಟರು. ಮಂದಿರದ ಅಂಗಳ ಗುಡಿಸಬೇಕಿತ್ತು. ಮರುದಿನ ಬಾವಿಯಿಂದ ಎರಡು ಕೊಡ ನೀರು ಸೇದಿ, ಎರಡು ಕೈಯಲ್ಲೂ ಹಿಡಿದು, ತುಳಸಿಗೂ ದಾಸವಾಳಕ್ಕೂ ಹಾಕುವ ಕೆಲಸ. ಒಂದು ವಾರ ಕಳೆದಾಗ ನನಗೆ ಸಂಶಯ ಬಂತು: ಮಂದಿರಕ್ಕೆ ಕೆಲಸದವರು ಸಿಗದೆ ನನ್ನನ್ನು ಹಿಡಿದಿದ್ದಾರೋ ಏನೋ. ಕೇಳಿಯೂ ಬಿಟ್ಟೆ.

“ಅದೂ ಉಂಟು” ಎಂದರು ಮಾಸ್ಟ್ರು, ಒಂದಿಷ್ಟೂ ನಾಚದೆ.

ಗುಡಿಸಿ ಆದ ಮೇಲೆ ಒದ್ದೆ ಮರಳಿನ ಮೇಲೆ ನಡೆಯುವುದು. ಹಿಮ್ಮಡಿ ಊರಿ ನಡೆಯಬೇಕು, ಕಣ್ಣು ತೆರೆದಿರಬೇಕು, ಕಂಡದ್ದನ್ನು ಬಾಯಲ್ಲಿ ಹೇಳಬೇಕು. “ನೀಲಿ ದೋಣಿ. ಒಂದು ನಾಯಿ. ಬಲೆ ಬಿಡಿಸುವ ಇಬ್ಬರು.” ತಲೆ ಬಿಸಿಯಾಯಿತೆಂದರೆ ನಿಂತು, ಪಾದ ಮುಳುಗುವಷ್ಟು ನೀರಿನಲ್ಲಿ ಸ್ವಲ್ಪ ಹೊತ್ತು ಇರಬೇಕು. ಐದೇ ನಿಮಿಷ. ನಾನು ಇನ್ನೂ ಐದು ನಿಮಿಷ ಎಂದರೆ ಬಿಡುತ್ತಿರಲಿಲ್ಲ. “ಹೆಚ್ಚಾಯ್ತು ಅನ್ನಿಸಿದರೆ ಅರ್ಧ ಮಾಡು. ಅರ್ಧವೂ ಹೆಚ್ಚಾದರೆ ಅಂಗಳ ಗುಡಿಸು.” ಎಲ್ಲರಿಗೂ ಹೇಳುತ್ತಿದ್ದ ಮಾತು ಅದು. ಆ ಹೊತ್ತಿಗೆ ನಾನು ಅವರಿಗೆ ‘ನೀವು’ ಹೋಗಿ ‘ನೀನು’ ಆಗಿದ್ದೆ.

ಒಂದು ದಿನ ಕಡಲ ದಡದ ಲೈಟ್‌ಹೌಸಿನ ಬಂಡೆ ಹತ್ತಿಸಿದರು. ಹತ್ತುವುದು ಸುಲಭವಾಯಿತು. ಇಳಿಯುವಾಗ ಕಂಬಿ ಹಿಡಿದು ನಿಂತುಬಿಟ್ಟೆ. ಅವರು ಒಂದು ಮೆಟ್ಟಿಲು ಕೆಳಗೆ ನಿಂತು, ಕೈ ಕೊಡದೆ, ಕಾದರು. “ಹತ್ತಲಿಕ್ಕೆ ಕಲಿಸುವವರು ಬೇಕಾದಷ್ಟು ಜನ ಇದ್ದಾರೆ ಮಾರಾಯ್ತಿ. ಇಳಿಯಲಿಕ್ಕೆ ಮೆಟ್ಟಿಲು ನೋಡ್ಬೇಕು, ಅಷ್ಟೆ. ನನಗೇನೂ ಅವಸರ ಇಲ್ಲ.” ಹಿಂದೆ ಪ್ರವಾಸಿಗರ ಸಾಲು ಬೆಳೆಯಿತು. ಯಾರೋ ಗೊಣಗಿದರು. ಮಾಸ್ಟ್ರು ಸೀಟಿ ಊದಿ ಅವರನ್ನು ಸುಮ್ಮನಾಗಿಸಿದರು. ನಾನು ಒಂದೊಂದೇ ಮೆಟ್ಟಿಲು ಇಳಿದೆ.

ಮೂರು ವಾರಕ್ಕೆ ನಿದ್ದೆ ಬಂತು, ನೆಲ ನಿಂತಿತು. ಲ್ಯಾಬಿನಲ್ಲಿ ಪುನಃ ಸೂಜಿ ಕೊಟ್ಟರು. ಆಗ ನಾನು ಮಾಡಿದ ಕೆಲಸವನ್ನು ಹೇಳಲು ಈಗಲೂ ಸಂಕೋಚ. ಆ ಬೆಳಕು, ಆ ಅಳು ನನಗೆ ಬೇಕಾಗಿತ್ತು. ಒಂದು ಭಾನುವಾರ ಅಮ್ಮ ದೇವಸ್ಥಾನಕ್ಕೆ ಹೋದಾಗ ಬಾಗಿಲು ಹಾಕಿ, ಶಿಬಿರದ ರೆಕಾರ್ಡಿಂಗ್ ಹಚ್ಚಿ, ಅರ್ಧ ಗಂಟೆ ಉಸಿರಾಡಿದೆ. ಬೆಳಕು ಬರಲಿಲ್ಲ. ನಡುಕ ಬಂತು. ಸೋಮವಾರ ಒಬ್ಬ ವೃದ್ಧೆಯ ಕೈಗೆ ಮೂರು ಸಲ ಚುಚ್ಚಿದೆ. ಆಕೆ ಗದರಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡು, “ಪರವಾಗಿಲ್ಲ ಮಗಾ, ಇನ್ನೊಂದು ಕೈ ನೋಡು” ಎಂದು ತೋಳು ಮುಂದೆ ಮಾಡಿದರು. ನಾನು ಸೂಜಿ ಕೆಳಗಿಟ್ಟು, ಸಹೋದ್ಯೋಗಿ ಅಕ್ಕನನ್ನು ಕರೆದು, ಹೊರಗೆ ಬಂದೆ.

ಅಂದು ಸಂಜೆ ಮಾಸ್ಟ್ರಿಗೆ ಎಲ್ಲ ಹೇಳಿದೆ. ಬೈಯುತ್ತಾರೆಂದು ಕಾದೆ. ಅವರು ಜಗಲಿಯ ಅಂಚಿನಲ್ಲಿ ಕೂತು ತಮ್ಮ ಕಥೆ ಹೇಳಿದರು.

ಕೆಲಸಕ್ಕೆ ಸೇರುವ ಮೊದಲು, ಇಪ್ಪತ್ತಾರರ ಪ್ರಾಯದಲ್ಲಿ, ಅವರೂ ಒಂದು ಪುಸ್ತಕ ನೋಡಿ ಉಸಿರು ಕಟ್ಟುವ ಅಭ್ಯಾಸ ಮಾಡಿದ್ದರಂತೆ. ಎದೆ ಹಾರುವುದು, ಕಿವಿಯಲ್ಲಿ ಗಂಟೆ, ರಸ್ತೆ ದಾಟಲು ಭಯ. ಎರಡು ತಿಂಗಳು ಮನೆಯಿಂದ ಹೊರಗೆ ಕಾಲಿಡಲಿಲ್ಲ. ಊರಿಗೆಲ್ಲ ವ್ಯಾಯಾಮ ಕಲಿಸಲು ಓದಿದ ಮಗ ಹೀಗೆ ಮೂಲೆ ಹಿಡಿದದ್ದನ್ನು ನೋಡಿ ಅವರ ಅಮ್ಮ ಒಂದು ಬೆಳಿಗ್ಗೆ, “ನನಗೆ ಕುತ್ತಿಗೆ ನೋವು, ಬುಟ್ಟಿ ಹೊರಲು ಆಗುವುದಿಲ್ಲ” ಎಂದರಂತೆ. ಅಮ್ಮ ಎಲ್ಲೂರಿನ ಕಡೆ ಮನೆಮನೆಗೆ ಮೀನು ಮಾರುತ್ತಿದ್ದವರು.

“ಗಂಡಸರು ಬುಟ್ಟಿ ಹೊರುವ ಪದ್ಧತಿ ಇಲ್ಲ. ಎಲ್ಲರೂ ನಗ್ತಾರೆ. ಆದರೆ ಅಮ್ಮನಿಗೆ ನೋವಂತೆ, ಎಂತ ಮಾಡುವುದು? ತಲೆಯ ಮೇಲೆ ಇಟ್ಟುಕೊಂಡೆ. ಬಂಗುಡೆಯ ನೀರು ಕಿವಿಗೆ ಇಳೀತಾ ಉಂಟು. ಭಾರ ಇರುವಾಗ ಕಾಲು ನೋಡಿಯೇ ಇಡ್ಬೇಕಲ್ವಾ? ಎಲ್ಲೂರು ಮುಟ್ಟುವಾಗ ನನಗೆ ಹಸಿವಾಗಿತ್ತು. ಎರಡು ತಿಂಗಳಲ್ಲಿ ಮೊದಲನೇ ಸಲ.”

“ಅಮ್ಮನ ಕುತ್ತಿಗೆ?”

“ಅದಕ್ಕೆ ಎಂತದೂ ಆಗಿರಲಿಲ್ಲ. ಅವರು ಸಾಯುವ ವರ್ಷ ಹೇಳಿದರು.”

ಆಮೇಲೆ ನನ್ನ ವಿಷಯಕ್ಕೆ ಬಂದರು: “ನಿನಗೆ ಕಂಡದ್ದು ಸುಳ್ಳು ಅಂತ ನಾನು ಹೇಳುವುದಿಲ್ಲ. ಸುಖವೇ ಅದು. ಬಂಗುಡೆ ಎಲ್ಲರೂ ತಿಂತಾರೆ, ಕೆಲವರಿಗೆ ಮಾತ್ರ ಮೈಯೆಲ್ಲ ತುರಿಸ್ತದೆ. ಬಂಗುಡೆಯ ತಪ್ಪೂ ಅಲ್ಲ, ಅವರ ತಪ್ಪೂ ಅಲ್ಲ. ಬೇರೆ ಮೀನು ತಿನ್ನುವುದು.”

ಅಂದಿನವರೆಗೆ ನಾನು ಇದನ್ನು ನನ್ನ ಕೊರತೆ ಎಂದೇ ತಿಳಿದಿದ್ದೆ. ಶಿಬಿರದಲ್ಲಿ ಎಲ್ಲರಿಗೂ ಒಗ್ಗಿದ್ದು ನನಗೆ ಒಗ್ಗಲಿಲ್ಲ, ನನ್ನ ಪಾತ್ರೆ ಚಿಕ್ಕದು ಎಂದು. ಅಂದು ಬಸ್ಸಿನಲ್ಲಿ ಕೂತೇ ಆ ರೆಕಾರ್ಡಿಂಗ್ ಅಳಿಸಿದೆ. ಮತ್ತೆ ಹುಡುಕಲಿಲ್ಲ.

ಮಾಸ್ಟ್ರನ್ನು ಸಂತ ಎಂದು ಚಿತ್ರಿಸಿದರೆ ಅವರ ಹೆಂಡತಿ ನಗುತ್ತಾರೆ. ತಡವಾಗಿ ಬಂದವರ ಮೇಲೆ ಅವರು ಮಕ್ಕಳ ಮೇಲೆ ಸಿಡುಕಿದಂತೆ ಸಿಡುಕುತ್ತಿದ್ದರು. ‘ಕುಂಡಲಿನಿ ಹೇಳಿಕೊಡಿ’ ಎಂದು ಹಟ ಹಿಡಿದ ನಾಲ್ವರು ಕ್ಲಾಸು ಬಿಟ್ಟು ಹೋದಾಗ ಒಂದು ವಾರ ಮುಖ ಊದಿಸಿಕೊಂಡಿದ್ದರು. ಸಕ್ಕರೆ ಕಾಯಿಲೆ ಇದ್ದೂ ಹೋಟೆಲಿನಲ್ಲಿ ಎಣ್ಣೆಗೆ ಹಾಕಿ ಕರಿದ ಗೋಳಿಬಜೆಯನ್ನು ಬಿಡಲಾಗುತ್ತಿರಲಿಲ್ಲ.

ಮರುವರ್ಷ ಒಂದು ಬೆಳಿಗ್ಗೆ ನಮ್ಮ ಲ್ಯಾಬಿನ ಸಾಲಿನಲ್ಲಿ ಅವರು ನಿಂತಿದ್ದರು. ಕಾಪುವಿನಲ್ಲೇ ರಕ್ತ ಪರೀಕ್ಷೆ ಮಾಡಿಸಬಹುದಿತ್ತು. ಎರಡು ಬಸ್ಸು ಹತ್ತಿ ಇಲ್ಲಿಗೆ ಬಂದಿದ್ದರು.

“ಖಾಲಿ ಹೊಟ್ಟೆಯಾ ಮಾಸ್ಟ್ರೇ?”

“ಹೌದು.”

ಮೀಸೆಯ ತುದಿಯಲ್ಲಿ ಎಣ್ಣೆ ಹೊಳೆಯುತ್ತಿತ್ತು. ನಾನು ನೋಡಿದೆ. ನಾನು ನೋಡಿದ್ದನ್ನು ಅವರು ನೋಡಿದರು. “ಒಂದೇ ತಿಂದದ್ದು” ಎಂದರು.

“ಹಾಗಾದರೆ ನಾಳೆ ಬನ್ನಿ.”

ಮರುದಿನ ನಿಜವಾಗಿ ಹಸಿದುಕೊಂಡು ಬಂದರು. ವಯಸ್ಸಾದವರ ನರ ಬೆರಳಿಗೆ ಸಿಕ್ಕಿದರೂ ಸೂಜಿಗೆ ಸಿಗದೆ ಜಾರುತ್ತದೆ. ನಾನು ಕುರ್ಚಿಯಲ್ಲಿ ಭಾರ ಬಿಟ್ಟು ಕೂತೆ, ಹಿಮ್ಮಡಿ ಊರಿದೆ, ಅವರ ತೋಳನ್ನು ಎಡಗೈಯಲ್ಲಿ ಹಿಡಿದೆ. ಒಂದೇ ಸಲಕ್ಕೆ ರಕ್ತ ಬಂತು. ಅವರು ಇಡೀ ಹೊತ್ತು ನನ್ನ ಕೈಯನ್ನೇ ನೋಡುತ್ತಿದ್ದರು. ಹತ್ತಿ ಒತ್ತಿಕೊಂಡು ಎದ್ದಾಗ ಹೇಳಿದ್ದು ಒಂದೇ ಮಾತು: “ನೋವೇ ಆಗಲಿಲ್ಲ ಮಾರಾಯ್ತಿ.” ನನ್ನ ಬಗ್ಗೆ ಅವರು ಬಾಯಿಬಿಟ್ಟು ಆಡಿದ ಮೆಚ್ಚುಗೆ ಅಷ್ಟೇ.

ಆಮೇಲೂ ನಾಲ್ಕು ವರ್ಷ, ಮೂರು ತಿಂಗಳಿಗೊಮ್ಮೆ ಅವರ ರಕ್ತವನ್ನು ತೆಗೆದವಳು ನಾನೇ.

ಕಳೆದ ಮಾಘದಲ್ಲಿ ಒಂದು ಬೆಳಿಗ್ಗೆ ಅವರ ಹೆಂಡತಿ ಫೋನ್ ಮಾಡಿದರು. ಹಿಂದಿನ ಸಂಜೆ ಕ್ಲಾಸು ಮುಗಿಸಿ, ಊಟ ಮಾಡಿ, ಮಲಗಿದವರು ಏಳಲಿಲ್ಲ. “ನೀನು ಅವಸರ ಮಾಡಬೇಡ, ಕೆಲಸ ಮುಗಿಸಿಯೇ ಬಾ. ಮಧ್ಯಾಹ್ನದವರೆಗೆ ಮನೆಯಲ್ಲೇ ಇಟ್ಟಿರ್ತೇವೆ” ಎಂದರು. ಹೊರಗೆ ಬೆಂಚಿನ ಮೇಲೆ ಹನ್ನೊಂದು ಜನ ಖಾಲಿ ಹೊಟ್ಟೆಯಲ್ಲಿ ಕಾಯುತ್ತಿದ್ದರು. ನಾನು ಮುಖ ತೊಳೆದು ಬಂದು ಒಬ್ಬೊಬ್ಬರನ್ನೇ ಕರೆದೆ. ಕೊನೆಗೆ ಒಬ್ಬರು ಮುದುಕರು. ಅವರಿಗೆ ಸೂಜಿಯ ಭಯ. ಅವರ ಹೆಸರು, ಊರು ಕೇಳುತ್ತಾ, ನಿಧಾನವಾಗಿ, ಒಂದೇ ಸಲಕ್ಕೆ ತೆಗೆದೆ. ಟ್ಯೂಬಿಗೆ ಚೀಟಿ ಅಂಟಿಸಿ, ಕೈ ತೊಳೆದು, ಉಡುಪಿಗೆ ಬಂದು ಕಾಪುವಿನ ಬಸ್ಸು ಹತ್ತಿದೆ. ಕಿಟಕಿಯ ಪಕ್ಕ ಸೀಟು ಸಿಕ್ಕಿದ ಮೇಲೆ ಅತ್ತೆ.